ಚೆಂಡಿನ ದಾರಿಗೆ ಬ್ಯಾಟು

"ಬಾಲ್ ನೋಡ್ತಾನೇ ಇದೀನಿ ಅಂಕಲ್, ಆದ್ರೂ ಸಿಗ್ತಿಲ್ಲ."

ಭದ್ರಾವತಿಯ ಕಾಗದನಗರದಲ್ಲಿ, ಕ್ವಾರ್ಟರ್ಸ್ ಸಾಲುಗಳ ನಡುವಿನ ಬಯಲಿನಲ್ಲಿ, ಹನ್ನೊಂದು ವರ್ಷದ ಹುಡುಗನೊಬ್ಬ ಒಂದು ಸಂಜೆ ನನ್ನ ಹತ್ತಿರ ಬಂದು ಹೀಗೆ ಹೇಳಿದ. ಟೆನಿಸ್ ಬಾಲ್, ತುದಿ ಸವೆದ ಬ್ಯಾಟು, ಸ್ಟಂಪಿನ ಬದಲು ಮೂರು ಇಟ್ಟಿಗೆ. ಆರು ಎಸೆತಗಳಲ್ಲಿ ನಾಲ್ಕು ಅವನ ಬ್ಯಾಟಿಗೆ ತಾಗದೆ ಹಿಂದಕ್ಕೆ ಹೋಗಿದ್ದವು. ಒಂದು ಅಂಚಿಗೆ ತಾಗಿ ಚರಂಡಿಗೆ ಬಿತ್ತು. ಬ್ಯಾಟಿನ ಹೊಟ್ಟೆಗೆ ಬಿದ್ದದ್ದು ಒಂದೇ ಒಂದು. ಸುತ್ತಲಿನವರೆಲ್ಲ ಅವನಿಗೆ ಕೊಡುತ್ತಿದ್ದ ಸಲಹೆಯೂ ಒಂದೇ: "ಬಾಲ್ ನೋಡಿ ಆಡೋ!"

ಹುಡುಗ ಸುಳ್ಳು ಹೇಳುತ್ತಿರಲಿಲ್ಲ. ಅವನು ಚೆಂಡು ನೋಡುತ್ತಲೇ ಇದ್ದ. ಆದರೆ ಅವನ ಬ್ಯಾಟು ಗಲ್ಲಿಯ ಕಡೆಯಿಂದ ಇಳಿದು ಬಂದು, ಚೆಂಡಿನ ದಾರಿಯನ್ನು ಕ್ಷಣಮಾತ್ರ ಅಡ್ಡ ಹಾಯ್ದು, ಮಿಡ್‌ವಿಕೆಟ್ ಕಡೆಗೆ ಹಾರಿ ಹೋಗುತ್ತಿತ್ತು. ಎರಡು ರಸ್ತೆಗಳು ಕೂಡುವ ವೃತ್ತದಲ್ಲಿ ಎರಡು ಬಸ್ಸುಗಳು ಒಂದೇ ಗಳಿಗೆಯಲ್ಲಿ ಬರಬೇಕು ಎಂದು ಕಾಯುವ ಹಾಗೆ. ಬಂದರೆ ಅದೃಷ್ಟ. ಈ ಅಧ್ಯಾಯ ಆ ಹುಡುಗನಿಗೆ ನಾನು ಕೊಡಬೇಕಾದ ಉತ್ತರ.

ಇದನ್ನು ಬರೆಯಲು ಈ ಊರಿಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಂದು ಕಾಲದಲ್ಲಿ ಬೆಂಕಿಪುರ ಎನಿಸಿಕೊಂಡಿದ್ದ ಭದ್ರಾವತಿಯನ್ನು ಲೋಕ ಬಲ್ಲದ್ದು ಎರಡು ಕಾರ್ಖಾನೆಗಳಿಂದ: 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಕಾಗದದ ಕಾರ್ಖಾನೆ. ಮೂರನೆಯದೊಂದು ಗುರುತೂ ಇದೆ. 1949ರ ಫೆಬ್ರವರಿ 12ರಂದು ಗುಂಡಪ್ಪ ವಿಶ್ವನಾಥ್ ಹುಟ್ಟಿದ್ದು ಈ ಊರಿನಲ್ಲಿ. ಆಟ ಬೆಳೆದದ್ದು ಬೆಂಗಳೂರಿನಲ್ಲಾದರೂ ಭದ್ರಾವತಿಯ ಜನ ಅವರನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ. ಗಿಡ್ಡ ಆಳು, ಭುಜಬಲದಿಂದ ಹೊಡೆಯುವವರಲ್ಲ. 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಆಡಿದ ಮೊದಲ ರಣಜಿ ಪಂದ್ಯದಲ್ಲೇ 230. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾದ ವಿರುದ್ಧ ಮೊದಲ ಟೆಸ್ಟ್: ಮೊದಲ ಸರದಿಯಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಒಟ್ಟು 91 ಟೆಸ್ಟ್, 6080 ಓಟ. ಬಲವಿಲ್ಲದೆ ಇಷ್ಟು ದೂರ ಚೆಂಡು ಓಡಿಸಿದ್ದು ಹೇಗೆ ಎಂಬ ಪ್ರಶ್ನೆಗೂ ನಮ್ಮ ಹುಡುಗನ ದೂರಿಗೂ ಉತ್ತರ ಸಿಗುವುದು ಒಂದೇ ಕಡೆ.

ಮೊದಲು ಸಮಯದ ಲೆಕ್ಕ. ವಿಕೆಟ್‌ನಿಂದ ವಿಕೆಟ್‌ಗೆ 22 ಗಜ, ಅಂದರೆ 20.12 ಮೀಟರ್. ಬೌಲರ್ ಚೆಂಡು ಬಿಡುವುದು ತನ್ನ ಕ್ರೀಸಿನ ಹತ್ತಿರ, ಬ್ಯಾಟುಗಾರ ನಿಂತಿರುವುದು ಇನ್ನೊಂದು ಕ್ರೀಸಿನಲ್ಲಿ. ನಡುವೆ ಉಳಿಯುವುದು ಸುಮಾರು 17.7 ಮೀಟರ್. ಗಂಟೆಗೆ 140 ಕಿಲೋಮೀಟರ್ ವೇಗದ ಚೆಂಡು ಸೆಕೆಂಡಿಗೆ 39 ಮೀಟರ್ ಸಾಗುತ್ತದೆ. ಗಾಳಿಯಲ್ಲೂ ನೆಲ ಬಡಿದಾಗಲೂ ಒಂದಿಷ್ಟು ವೇಗ ಕಳೆದುಕೊಂಡರೂ ಬ್ಯಾಟುಗಾರನ ಕೈಯಲ್ಲಿರುವುದು ಹೆಚ್ಚೆಂದರೆ ಅರ್ಧ ಸೆಕೆಂಡು. ಕಂಡದ್ದಕ್ಕೆ ಕೈ ಓಗೊಡಲು ಸೆಕೆಂಡಿನ ಐದನೇ ಒಂದು ಭಾಗ ಬೇಕು. ಬ್ಯಾಟು ಮೇಲಿನಿಂದ ಇಳಿದು ಬರಲು ಹೆಚ್ಚುಕಡಿಮೆ ಅಷ್ಟೇ ಸಮಯ. ಇಷ್ಟು ಕಳೆದರೆ ಯೋಚಿಸಲು ಉಳಿಯುವುದು ಕಣ್ಣೆವೆ ಮುಚ್ಚಿ ತೆರೆಯುವಷ್ಟು.

ಅಂತರರಾಷ್ಟ್ರೀಯ ಆಟಗಾರರ ಪ್ರತಿಕ್ರಿಯೆ ನಮಗಿಂತ ಚುರುಕಾಗಿರಬೇಕು ಎಂದು ನಾವೆಲ್ಲ ನಂಬಿದ್ದೇವೆ. ಆಕ್ಸ್‌ಫರ್ಡ್‌ನ ಮನೋವಿಜ್ಞಾನಿ ಪೀಟರ್ ಮ್ಯಾಕ್‌ಲಿಯೋಡ್ 1987ರಲ್ಲಿ ಇದನ್ನೇ ಪರೀಕ್ಷೆಗೆ ಹಚ್ಚಿದರು. ಮ್ಯಾಟಿನ ಕೆಳಗೆ ಸಣ್ಣ ಮರದ ಪಟ್ಟಿಗಳನ್ನು ಹುದುಗಿಸಿ, ನೆಲ ಬಡಿದ ಚೆಂಡು ಎಡಕ್ಕೋ ಬಲಕ್ಕೋ ಗೊತ್ತಾಗದಂತೆ ತಿರುಗುವ ಹಾಗೆ ಮಾಡಿದರು. ಆಮೇಲೆ ದೊಡ್ಡ ಬ್ಯಾಟುಗಾರರನ್ನು ಆಡಲು ಬಿಟ್ಟರು. ತಿರುವು ಕಂಡು ಬ್ಯಾಟಿನ ದಿಕ್ಕು ಬದಲಿಸಲು ಅವರಿಗೂ ಬೇಕಾದದ್ದು ಸುಮಾರು 200 ಮಿಲಿಸೆಕೆಂಡು. ದಾರಿಹೋಕನಿಗೆ ಬೇಕಾಗುವಷ್ಟೇ. ಅಂದರೆ ಕೊನೆಯ 200 ಮಿಲಿಸೆಕೆಂಡಿನಲ್ಲಿ ಯಾರ ಕಣ್ಣೂ ಕೈಗೆ ಸಹಾಯ ಮಾಡಲಾರದು. ಆ ಅವಧಿಯ ಆಟ ಮೊದಲೇ ಬರೆದು ಮುಗಿದಿರುತ್ತದೆ. ನನಗೆ ಇದು ಬಹಳ ಸಮಾಧಾನ ಕೊಟ್ಟ ಫಲಿತಾಂಶ. ಪ್ರತಿಭೆ ಎಂದು ನಾವು ಕರೆಯುವುದು ನರಗಳ ವೇಗದಲ್ಲಿ ಇಲ್ಲ ಎಂದಾದರೆ ಅದನ್ನು ಕಲಿಯಬಹುದು, ಕಲಿಸಬಹುದು.

ಹಾಗಾದರೆ ವ್ಯತ್ಯಾಸ ಎಲ್ಲಿದೆ? 2000ದಲ್ಲಿ ಮ್ಯಾಕ್‌ಲಿಯೋಡ್ ಸಸೆಕ್ಸ್ ವಿಶ್ವವಿದ್ಯಾಲಯದ ಮೈಕೆಲ್ ಲ್ಯಾಂಡ್ ಜೊತೆ ಸೇರಿ, ಕಣ್ಣಿನ ಚಲನೆ ಹಿಡಿಯುವ ಕ್ಯಾಮೆರಾ ತೊಟ್ಟ ಮೂವರು ಬ್ಯಾಟುಗಾರರನ್ನು ಬೌಲಿಂಗ್ ಯಂತ್ರದ ಎದುರು ನಿಲ್ಲಿಸಿದರು. ಮೂವರ ಕೌಶಲವೂ ಬೇರೆ ಬೇರೆ ಮಟ್ಟದ್ದು. ಅವರಲ್ಲಿ ಯಾರೂ ಚೆಂಡನ್ನು ಆದಿಯಿಂದ ಅಂತ್ಯದವರೆಗೆ ನೋಡಲಿಲ್ಲ. ಚೆಂಡು ಹೊರಟದ್ದನ್ನು ನೋಡಿದರು, ಆಮೇಲೆ ಕಣ್ಣು ಚೆಂಡನ್ನು ಬಿಟ್ಟು ಅದು ನೆಲ ಬಡಿಯಲಿರುವ ಜಾಗಕ್ಕೆ ಮುಂಚೆಯೇ ಜಿಗಿದು ಅಲ್ಲಿ ಕಾದು ಕುಳಿತಿತು. ನೆಂಟರು ಇಳಿಯುವ ನಿಲ್ದಾಣಕ್ಕೆ ರೈಲಿಗಿಂತ ಮೊದಲೇ ಹೋಗಿ ನಿಂತ ಹಾಗೆ. ಚೆಂಡು ಯಾವಾಗ, ಎಲ್ಲಿ ಬಡಿಯಿತು ಎಂಬ ಎರಡು ಸಂಗತಿ ಸಿಕ್ಕರೆ ಬ್ಯಾಟಿನ ಹತ್ತಿರ ಅದು ಯಾವ ಎತ್ತರದಲ್ಲಿ, ಯಾವ ಕ್ಷಣದಲ್ಲಿ ಇರುತ್ತದೆ ಎಂಬುದನ್ನು ಮಿದುಳು ಲೆಕ್ಕ ಹಾಕಬಲ್ಲದು. ಒಳ್ಳೆಯ ಆಟಗಾರನ ಕಣ್ಣು ಬೇಗ ಜಿಗಿಯಿತು. ಸಾಧಾರಣ ಆಟಗಾರನ ಕಣ್ಣು ತಡವಾಗಿ ಹೊರಟಿತು.

ಕಣ್ಣು ಜಿಗಿಯಲೇಬೇಕು, ಬೇರೆ ದಾರಿಯಿಲ್ಲ. ಚಲಿಸುವ ವಸ್ತುವನ್ನು ನುಣುಪಾಗಿ ಹಿಂಬಾಲಿಸಲು ನಮ್ಮ ಕಣ್ಣಿಗೆ ಸೆಕೆಂಡಿಗೆ ಸುಮಾರು 100 ಡಿಗ್ರಿಯ ಮಿತಿಯಿದೆ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿ ಬರುವ ಚೆಂಡು ಕಣ್ಣಿನಿಂದ ಒಂದು ಮೀಟರ್ ಪಕ್ಕದಲ್ಲಿ ಹಾಯುತ್ತದೆ ಎಂದುಕೊಳ್ಳಿ. ದೂರದಲ್ಲಿದ್ದಾಗ ಅದು ನಿಂತಂತೆಯೇ ಕಾಣುತ್ತದೆ. ನಾಲ್ಕು ಮೀಟರ್ ಹತ್ತಿರ ಬರುವ ಹೊತ್ತಿಗೆ ಮಿತಿ ಮುಟ್ಟುತ್ತದೆ. ಪಕ್ಕದಲ್ಲಿ ಹಾಯುವ ಕ್ಷಣದಲ್ಲಿ ಸೆಕೆಂಡಿಗೆ 1700 ಡಿಗ್ರಿ! "ಬ್ಯಾಟಿಗೆ ತಾಗುವವರೆಗೂ ಬಾಲ್ ಮೇಲೆ ಕಣ್ಣಿಡು" ಎಂಬ ಸಲಹೆಯನ್ನು ಅಕ್ಷರಶಃ ಪಾಲಿಸಲು ಹೊರಟವನು ಆಗದ ಕೆಲಸಕ್ಕೆ ಕೈಹಾಕಿದ್ದಾನೆ.

ಆದರೂ ಆ ಸಲಹೆಯಲ್ಲಿ ಒಂದು ನಿಜ ಅಡಗಿದೆ. 2013ರಲ್ಲಿ ಡೇವಿಡ್ ಮ್ಯಾನ್ ಮತ್ತು ಸಂಗಡಿಗರು ಆಸ್ಟ್ರೇಲಿಯಾದಲ್ಲಿ ಜಗತ್ತಿನ ಅತ್ಯುತ್ತಮರ ಸಾಲಿಗೆ ಸೇರಿದ ಬ್ಯಾಟುಗಾರರನ್ನು ಇದೇ ರೀತಿ ಅಳೆದಾಗ, ಅವರ ತಲೆ ಚೆಂಡಿನ ಜೊತೆಜೊತೆಗೇ ತಿರುಗುತ್ತಿತ್ತು. ಹಗ್ಗ ಕಟ್ಟಿ ಎಳೆದ ಹಾಗೆ. ಕಣ್ಣು ಮುಂದೆ ಜಿಗಿದರೂ ತಲೆ ಚೆಂಡನ್ನು ಬಿಡಲಿಲ್ಲ. ಎರಡನೆಯ ಜಿಗಿತದಲ್ಲಿ ಕಣ್ಣು ಬ್ಯಾಟು ಚೆಂಡು ಕೂಡುವ ಜಾಗಕ್ಕೇ ಹೋಗಿ ಕಾಯುತ್ತಿತ್ತು. ಹುಡುಗರಿಗೆ "ಬಾಲ್ ನೋಡು" ಎನ್ನುವುದಕ್ಕಿಂತ "ಮೂಗು ಬಾಲಿನ ಕಡೆಗೇ ಇರಲಿ" ಎಂದರೆ ಹೆಚ್ಚು ಉಪಯೋಗ ಎಂದು ನನಗನ್ನಿಸುತ್ತದೆ. ಜೋರಾಗಿ ಬೀಸುವವನ ತಲೆ ಬೀಸುವ ಮೊದಲೇ ಲೆಗ್ ಸೈಡಿಗೆ ಎದ್ದುಹೋಗಿರುತ್ತದೆ. ನಮ್ಮ ಹುಡುಗನದ್ದೂ ಹಾಗೇ ಹೋಗುತ್ತಿತ್ತು.

ಇಷ್ಟೆಲ್ಲ ಮಾಡಿದರೂ ಅಂದಾಜು ಅಂದಾಜೇ. ತಪ್ಪು ಇದ್ದೇ ಇರುತ್ತದೆ. ಸೆಕೆಂಡಿಗೆ 30 ಮೀಟರ್ ವೇಗದ ಚೆಂಡು ಒಂದು ಮಿಲಿಸೆಕೆಂಡಿಗೆ 3 ಸೆಂಟಿಮೀಟರ್ ಸಾಗುತ್ತದೆ. ಐದು ಮಿಲಿಸೆಕೆಂಡು ತಪ್ಪಿದರೆ 15 ಸೆಂಟಿಮೀಟರ್. ತಪ್ಪೇ ಮಾಡದ ಮನುಷ್ಯ ಇಲ್ಲ. ಹಾಗಿದ್ದಮೇಲೆ, ತಪ್ಪಿದರೂ ಚೆಂಡು ಸಿಗುವ ಹಾಗೆ ಬ್ಯಾಟನ್ನು ತರುವುದು ಹೇಗೆ?

ಬ್ಯಾಟಿನ ಆಕಾರವನ್ನೇ ನೋಡಿ. ಅಗಲ ನಿಯಮದ ಪ್ರಕಾರ ಹೆಚ್ಚೆಂದರೆ 10.8 ಸೆಂಟಿಮೀಟರ್. ಹಲಗೆಯ ಉದ್ದ ಸುಮಾರು 55. ಚೆಂಡಿನ ವ್ಯಾಸ 7.2. ಬ್ಯಾಟು ನೆಟ್ಟಗೆ ನಿಂತಿದ್ದರೆ ಎಡಬಲದಲ್ಲಿ 9 ಸೆಂಟಿಮೀಟರ್ ತಪ್ಪಿದರೂ ಅಂಚಿಗಾದರೂ ತಾಗುತ್ತದೆ. ಮೇಲೆ ಕೆಳಗೆ 30 ಸೆಂಟಿಮೀಟರಿನಷ್ಟು ತಪ್ಪಿದರೂ ಚಿಂತೆಯಿಲ್ಲ. ಬ್ಯಾಟು ಅಡ್ಡ ಮಲಗಿದರೆ ಲೆಕ್ಕ ತಲೆಕೆಳಗು: ಎಡಬಲದ ತಪ್ಪಿಗೆ ಧಾರಾಳ, ಎತ್ತರದ ತಪ್ಪಿಗೆ 9 ಸೆಂಟಿಮೀಟರ್ ಅಷ್ಟೇ. ಹಾಗಾಗಿ ಚೆಂಡು ಎಷ್ಟು ಏಳುತ್ತದೆ ಎಂಬುದೇ ಅನುಮಾನವಿರುವ ನೆಲದಲ್ಲಿ ನೆಟ್ಟ ಬ್ಯಾಟು. ಎತ್ತರ ಖಚಿತವಾಗಿ ತಿಳಿದ, ಮೈಯಿಂದ ದೂರ ಹಾಯುವ ಶಾರ್ಟ್ ಬಾಲ್‌ಗೆ ಅಡ್ಡ ಬ್ಯಾಟು. ಕಾಗದನಗರದ ಬಯಲಿನಲ್ಲಿ ಗುಂಡಿಯೂ ಇದೆ, ಹುಲ್ಲಿನ ಗಂಟೂ ಇದೆ. ಅಲ್ಲಿ ಅಡ್ಡ ಬೀಸುವವನು ಗೊತ್ತಿರುವುದನ್ನು ಬಿಟ್ಟು ಗೊತ್ತಿಲ್ಲದ್ದರ ಮೇಲೆ ಪಣ ಕಟ್ಟುತ್ತಾನೆ.

ಇದಕ್ಕಿಂತ ಮುಖ್ಯವಾದದ್ದು ಸಮಯದ ತಪ್ಪು. ಬ್ಯಾಟಿನ ಮುಖ ಚೆಂಡಿನ ದಾರಿಯನ್ನು ಅಡ್ಡ ಹಾಯ್ದರೆ ಎರಡೂ ಕೂಡಬಹುದಾದ ಜಾಗ ಒಂದೇ ಒಂದು ಬಿಂದು. ಅದೇ ಬ್ಯಾಟು ಚೆಂಡು ಬಂದ ದಾರಿಯಲ್ಲೇ ಎದುರು ಸಾಗಿದರೆ ಆ ಬಿಂದು ಒಂದು ಮೊಳ ಉದ್ದದ ಗೆರೆಯಾಗುತ್ತದೆ. ಬೇಗ ಬಂದರೂ ಸಿಕ್ಕುತ್ತದೆ, ತಡವಾದರೂ ಸಿಕ್ಕುತ್ತದೆ. ಸಿಕ್ಕ ಚೆಂಡು ಒಂದಿಷ್ಟು ಮೇಲೇಳಬಹುದು, ನೆಲಕ್ಕೆ ಬೀಳಬಹುದು, ಆದರೆ ಹಿಂದಕ್ಕೆ ಹೋಗುವುದಿಲ್ಲ. "ಸ್ಟ್ರೇಟ್ ಬ್ಯಾಟ್‌ನಲ್ಲಿ ಆಡು" ಎಂಬ ಹಳೆಯ ಪಾಠ ಶಿಸ್ತಿನ ಮಾತಷ್ಟೇ ಅಲ್ಲ, ಒಳ್ಳೆಯ ಜ್ಯಾಮಿತಿ.

ಬೇಸ್‌ಬಾಲ್‌ನಲ್ಲೂ ಇದೇ ನಿಯಮ, ವೇಷ ಮಾತ್ರ ಬೇರೆ. ಅಲ್ಲಿನ ಬ್ಯಾಟು ಉರುಟು, ಚೆಂಡೂ ಉರುಟು. ಒಂದೆರಡು ಸೆಂಟಿಮೀಟರ್ ಮೇಲೆ ಕೆಳಗಾದರೆ ಚೆಂಡು ಒಂದೋ ನೆಲಕ್ಕೆ, ಇಲ್ಲವೇ ಆಕಾಶಕ್ಕೆ. ಅಲ್ಲಿ ನೆಟ್ಟ ಬ್ಯಾಟಿನ ಅನುಕೂಲ ಇಲ್ಲ. 1941ರಲ್ಲಿ .406 ಸರಾಸರಿ ಸಾಧಿಸಿದ ಟೆಡ್ ವಿಲಿಯಮ್ಸ್ ತಮ್ಮ 'ದಿ ಸೈನ್ಸ್ ಆಫ್ ಹಿಟಿಂಗ್' ಪುಸ್ತಕದಲ್ಲಿ, ಬೀಸು ಸಮತಟ್ಟಾಗಿರದೆ ತುಸು ಮೇಲ್ಮುಖವಾಗಿರಬೇಕು ಎಂದು ವಾದಿಸಿದ್ದಾರೆ. ದಿಬ್ಬದ ಮೇಲೆ ನಿಂತವನು ಎಸೆದ ಚೆಂಡು ಕೆಲವು ಡಿಗ್ರಿ ಇಳಿಜಾರಿನಲ್ಲಿ ಬರುತ್ತದೆ. ಬ್ಯಾಟು ಅಷ್ಟೇ ಡಿಗ್ರಿ ಏರುತ್ತ ಎದುರು ಹೋದರೆ ಎರಡೂ ಒಂದೇ ಹಳಿಯ ಮೇಲೆ ಇರುತ್ತವೆ.

ಚೆಂಡು ಸಿಕ್ಕಿತು. ಎಲ್ಲಿ ಸಿಕ್ಕಿತು ಎಂಬುದು ಮುಂದಿನ ಪ್ರಶ್ನೆ. ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಬ್ಯಾಟಿನ ಹಿಡಿಕೆಯ ಮೇಲ್ತುದಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು ತೂಗಬಿಡಿ. ಇನ್ನೊಂದು ಕೈಯಲ್ಲಿ ಚೆಂಡು ಹಿಡಿದು ಹಲಗೆಯನ್ನು ತುದಿಯಿಂದ ಮೇಲಕ್ಕೆ ಒಂದೊಂದು ಅಂಗುಲಕ್ಕೂ ಮೆಲ್ಲಗೆ ತಟ್ಟುತ್ತ ಬನ್ನಿ. ತುದಿಯಲ್ಲಿ ತಟ್ಟಿದಾಗ ಬೆರಳು ಝುಮ್ಮೆನ್ನುತ್ತದೆ. ಗೇಣಿನಷ್ಟು ಮೇಲೆ ಬಂದಾಗ ಆ ಝುಮ್ಮು ಮಾಯವಾಗಿ, ಸದ್ದು 'ಟಕ್' ಎಂದು ತುಂಬಿಕೊಳ್ಳುತ್ತದೆ. ಇನ್ನೂ ಮೇಲೆ ಹೋದರೆ ಮತ್ತೆ ಝುಮ್ಮು. ಹೊಡೆತ ಬಿದ್ದಾಗ ಬ್ಯಾಟು ವೀಣೆಯ ತಂತಿಯಂತೆ ಬಾಗಿ ಕಂಪಿಸುತ್ತದೆ. ಆ ಕಂಪನದಲ್ಲಿ ಅಲುಗದೆ ಉಳಿಯುವ ಒಂದು ಜಾಗವಿದೆ. ಅಲ್ಲಿ ಬಿದ್ದ ಚೆಂಡು ತನ್ನ ಶಕ್ತಿಯನ್ನು ಮರದ ನಡುಕಕ್ಕೆ ಸೋರಿಬಿಡದೆ ತಾನೇ ಇಟ್ಟುಕೊಂಡು ಹೋಗುತ್ತದೆ. ಹುಡುಗರು "ಮಿಡ್ಲ್ ಆಯ್ತು" ಎನ್ನುವುದು ಇದಕ್ಕೇ.

ಮರದ ಮಾತು ಬಂದಾಗ ಕಾಗದನಗರದವರಿಗೆ ನೆನಪಾಗುವುದು ಬಿದಿರು. ಇಲ್ಲಿನ ಕಾರ್ಖಾನೆಗೆ ಲಾರಿಗಟ್ಟಲೆ ಬಿದಿರು ಬಂದು ಕಾಗದವಾಗುತ್ತಿದ್ದ ಕಾಲವೊಂದಿತ್ತು. 2021ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಬಿದಿರಿನ ಸೀಳುಗಳನ್ನು ಅಂಟಿಸಿ ಬ್ಯಾಟು ಮಾಡಿದರು. ವಿಲೋ ಮರದ ಬ್ಯಾಟಿಗಿಂತ ಅದು ಬಿಗಿ, ಅದರಲ್ಲಿ ಈ 'ಮಿಡ್ಲ್' ಜಾಗವೂ ದೊಡ್ಡದು ಎಂದು ಅವರು ಕಂಡುಕೊಂಡರು. ಹಲಗೆ ಮರದ್ದೇ ಆಗಿರಬೇಕೆಂಬ ನಿಯಮವಿದೆ, ಬಿದಿರು ಹುಲ್ಲಿನ ಜಾತಿ ಎಂದು ಕ್ರಿಕೆಟ್ ನಿಯಮ ರೂಪಿಸುವ ಎಂ.ಸಿ.ಸಿ. ಒಪ್ಪಲಿಲ್ಲ. ನಿಯಮ ಸರಿಯಿರಬಹುದು. ಮಲೆನಾಡಿನವನಾದ ನನಗೆ ಮಾತ್ರ ಆ ಬ್ಯಾಟು ಒಮ್ಮೆ ಕೈಯಲ್ಲಿ ಹಿಡಿಯಬೇಕೆಂಬ ಆಸೆ ಹೋಗಿಲ್ಲ.

ಈಗ ವಿಶ್ವನಾಥರ ರಹಸ್ಯಕ್ಕೆ ಬರೋಣ. ಬೇಸ್‌ಬಾಲ್‌ನ ಭೌತವಿಜ್ಞಾನಿಗಳು, ಅದರಲ್ಲೂ ಇಲಿನಾಯ್ ವಿಶ್ವವಿದ್ಯಾಲಯದ ಅಲನ್ ನೇಥನ್, ಬಳಸುವ ಒಂದು ಸರಳ ಸೂತ್ರವಿದೆ: ಹೊಟ್ಟೆಗೆ ಬಿದ್ದ ಚೆಂಡು ಹೊರಡುವ ವೇಗ ಎಂದರೆ ಚೆಂಡು ಬಂದ ವೇಗದ 0.2 ಪಾಲು, ಅದಕ್ಕೆ ಬ್ಯಾಟಿನ ವೇಗದ 1.2 ಪಾಲು ಸೇರಿಸಿದ್ದು. ಕ್ರಿಕೆಟ್ಟಿಗೆ ಅಂಕಿ ತುಸು ಅತ್ತಿತ್ತ ಆದೀತು, ಆದರೆ ನೀತಿ ಅದೇ. ಸೆಕೆಂಡಿಗೆ 30 ಮೀಟರ್ ವೇಗದ ಚೆಂಡಿಗೆ ಬ್ಯಾಟನ್ನು ಅಲುಗಿಸದೆ ಒಡ್ಡಿದರೆ ಅದು ಬರೀ 6 ಮೀಟರ್ ವೇಗದಲ್ಲಿ ಮರಳುತ್ತದೆ. ಬ್ಯಾಟನ್ನು 5 ಮೀಟರ್ ವೇಗದಲ್ಲಿ ಹಿಂದಕ್ಕೆ ಎಳೆದುಕೊಂಡರೆ? ಆರರಲ್ಲಿ ಆರು ಕಳೆದು ಸೊನ್ನೆ. ಚೆಂಡು ಕಾಲಬುಡದಲ್ಲೇ ಸತ್ತು ಬೀಳುತ್ತದೆ. 'ಸಾಫ್ಟ್ ಹ್ಯಾಂಡ್ಸ್' ಎಂಬ ಮಾತಿನ ಅರ್ಥ ಇದು. ಹಿಡಿತ ಸಡಿಲವೋ ಬಿಗಿಯೋ ಎಂಬುದು ಇಲ್ಲಿ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ. ಚೆಂಡು ಬ್ಯಾಟಿಗೆ ಅಂಟಿರುವುದು ಮಿಲಿಸೆಕೆಂಡಿನ ಆಸುಪಾಸು. ಸುದ್ದಿ ಹಿಡಿಕೆಗೆ ಮುಟ್ಟಿ ಮರಳುವಷ್ಟರಲ್ಲಿ ಚೆಂಡು ಹೊರಟುಹೋಗಿರುತ್ತದೆ.

ಸೂತ್ರ ನೋಡಿದರೆ ಬೌಲರನ ವೇಗದಿಂದ ನಮಗೆ ದಕ್ಕುವುದು ಐದನೇ ಒಂದು ಪಾಲು ಮಾತ್ರ. ಬಾಕಿಯೆಲ್ಲ ನಮ್ಮ ತೋಳಿನ ದುಡಿಮೆ. ಆದರೆ ಅದು ಚೆಂಡಿಗೆ ಎದುರಾಗಿ ಹೊಡೆದಾಗಿನ ಮಾತು. ಓರೆ ಮುಖ ಒಡ್ಡಿದರೆ ಲೆಕ್ಕವೇ ಬದಲಾಗುತ್ತದೆ. ಚೆಂಡಿನ ದಾರಿಗೆ ಬ್ಯಾಟಿನ ಮುಖ 30 ಡಿಗ್ರಿ ಓರೆಯಾಗಿದೆ ಎನ್ನಿ. ಆಗ 30 ಮೀಟರ್ ವೇಗದಲ್ಲಿ 26 ಮೀಟರಿನಷ್ಟು ಭಾಗ ಹಲಗೆಯ ಗುಂಟ ಜಾರುತ್ತದೆ, ಅದನ್ನು ಬ್ಯಾಟು ತಡೆಯುವುದೇ ಇಲ್ಲ. ಉಜ್ಜಾಟದಲ್ಲಿ ಒಂದಷ್ಟು ಹೋದರೂ, ಎದುರು ನಿಂತು ತಡೆದ ಚೆಂಡಿನ ಮೂರು ಪಟ್ಟು ವೇಗ ಉಳಿಯುತ್ತದೆ. ಬೀಸೇ ಇಲ್ಲದೆ! ಲೇಟ್ ಕಟ್, ಗ್ಲಾನ್ಸ್‌ಗಳು ಬೌಂಡರಿಗೆ ಓಡುವುದು ಬೌಲರನ ಖರ್ಚಿನಲ್ಲಿ. ವಿಶ್ವನಾಥರ ಹೆಸರಿನೊಂದಿಗೆ ಅಂಟಿಕೊಂಡಿರುವ ಸ್ಕ್ವೇರ್ ಕಟ್‌ನಲ್ಲಿ ಎರಡೂ ಬೆರೆತಿವೆ: ಬಂದ ವೇಗದ ಒಂದು ಪಾಲು, ಮಣಿಕಟ್ಟಿನ ಚಾಟಿ ಒಂದು ಪಾಲು. ಬೇಸ್‌ಬಾಲ್‌ನಲ್ಲಿ ವಿಶ್ವನಾಥ್ ಆಡಿದ್ದರೆ ಅವರ ಲೇಟ್ ಕಟ್‌ಗಳೆಲ್ಲ ಫೌಲ್ ಆಗುತ್ತಿದ್ದವು. ಹಿಂದಕ್ಕೆ ಹೋದ ಚೆಂಡಿಗೆ ಅಲ್ಲಿ ಬೆಲೆಯಿಲ್ಲ. ಸುತ್ತಲೂ ಮೈದಾನವಿರುವ ಆಟದಲ್ಲಷ್ಟೇ ಅಂಥ ಕಲೆ ಹುಟ್ಟಲು ಸಾಧ್ಯ.

ಮಣಿಕಟ್ಟು ಕೊಡುವ ಇನ್ನೊಂದು ಲಾಭ ಸಮಯ. ತೋಳು, ಭುಜ ಎಲ್ಲ ಸೇರಿದ ದೊಡ್ಡ ಬೀಸಿಗೆ 200 ಮಿಲಿಸೆಕೆಂಡು ಬೇಕು, ಮಣಿಕಟ್ಟಿನ ಚಿಕ್ಕ ಬೀಸಿಗೆ 150 ಸಾಕು ಎಂದಿಟ್ಟುಕೊಳ್ಳಿ. ಉಳಿದ 50 ಮಿಲಿಸೆಕೆಂಡಿನಲ್ಲಿ ಚೆಂಡು ಒಂದೂವರೆ ಮೀಟರ್ ಹತ್ತಿರ ಬರುತ್ತದೆ. ಅಷ್ಟು ದೂರ ಹೆಚ್ಚು ನೋಡಿ, ಆಮೇಲೆ ಶುರುಮಾಡಿದರೆ ಆಯಿತು. "ಅವರಿಗೆ ಟೈಮ್ ಜಾಸ್ತಿ ಇತ್ತು" ಎಂದು ಹಳಬರು ಹೇಳುವುದು ಇದನ್ನೇ. ಸಮಯ ಎಲ್ಲರಿಗೂ ಅಷ್ಟೇ. ಅವರು ಖರ್ಚು ಮಾಡಲು ಶುರುಮಾಡುತ್ತಿದ್ದದ್ದು ತಡವಾಗಿ.

1975ರ ಜನವರಿ, ಮದ್ರಾಸಿನ ಚೆಪಾಕ್. ಎದುರಿಗೆ ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್. ಒಂದೇ ಕೈಚಳಕದಲ್ಲಿ ಎರಡು ಬಗೆಯ ಬೌನ್ಸರ್ ಹಾಕಿ, ನಿಧಾನದ್ದನ್ನು ತೋರಿಸಿ ವೇಗದ್ದರಲ್ಲಿ ಕೆಡವುವುದರಲ್ಲಿ ಅವರು ಹೆಸರಾದವರು. ಬ್ಯಾಟುಗಾರನ ಮಿದುಳಿನ ಗಡಿಯಾರವನ್ನೇ ಕೆಡಿಸುವ ವಿದ್ಯೆ ಅದು. ಆ ಸರದಿಯಲ್ಲಿ ರಾಬರ್ಟ್ಸ್ 64 ಓಟಕ್ಕೆ 7 ವಿಕೆಟ್ ತೆಗೆದರು. ಭಾರತ 190ಕ್ಕೆ ಮುಗಿಯಿತು. ಅದರಲ್ಲಿ ವಿಶ್ವನಾಥರದು ಅಜೇಯ 97. ಶತಕಕ್ಕೆ ಮೂರು ಓಟ ಬಾಕಿಯಿದ್ದಾಗ ಜೊತೆಗಾರರು ಮುಗಿದುಹೋದರು. ಭಾರತ ಆ ಪಂದ್ಯವನ್ನು 100 ಓಟಗಳಿಂದ ಗೆದ್ದಿತು. ಅವರ 14 ಶತಕಗಳಿಗಿಂತ ಈ ಶತಕವಲ್ಲದ ಆಟವನ್ನೇ ಎತ್ತಿ ಹೇಳುವವರು ಬಹಳ ಮಂದಿ. ನಾನೂ ಅವರಲ್ಲಿ ಒಬ್ಬ. ಉಳಿದ ಹತ್ತೂ ಮಂದಿಗೆ ಸಿಕ್ಕಿದ್ದು ಅದೇ ಅರ್ಧ ಸೆಕೆಂಡು.

ಭದ್ರಾವತಿ ಇರುವ ಶಿವಮೊಗ್ಗ ಜಿಲ್ಲೆಗೆ ಇನ್ನೊಂದು ಲೆಕ್ಕವೂ ಸೇರಿದೆ. 2024ರ ಜನವರಿಯಲ್ಲಿ ಶಿವಮೊಗ್ಗದ ನವುಲೆ ಮೈದಾನದಲ್ಲಿ, 19 ವರ್ಷದೊಳಗಿನವರ ಕೂಚ್ ಬಿಹಾರ್ ಟ್ರೋಫಿಯ ಫೈನಲ್‌ನಲ್ಲಿ, ಕರ್ನಾಟಕದ ಪ್ರಖರ್ ಚತುರ್ವೇದಿ ಮುಂಬೈ ವಿರುದ್ಧ ಅಜೇಯ 404 ಹೊಡೆದರು. ನಾನೂರಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸುವ ಅಂಕಿ 638. ಅವರು ಎದುರಿಸಿದ ಎಸೆತಗಳು ಅಷ್ಟು. 638 ಸಲ ಕಣ್ಣು ಮುಂದೆ ಜಿಗಿಯಬೇಕು, 638 ಸಲ ತಲೆ ತಿರುಗಬೇಕು, ಆಡುವುದೋ ಬಿಡುವುದೋ ಎಂಬ ತೀರ್ಮಾನ ಅಷ್ಟು ಸಲ ಹುಟ್ಟಬೇಕು. ದಣಿದ ಮೈಯಲ್ಲಿ ಇದನ್ನು ಕಾಯ್ದುಕೊಳ್ಳಲು ಬೀಸು ಎಷ್ಟು ಚಿಕ್ಕದಿದ್ದರೆ ಅಷ್ಟು ಒಳ್ಳೆಯದು.

ಅಭ್ಯಾಸಕ್ಕೆ ಬೌಲಿಂಗ್ ಯಂತ್ರ ಬೇಕಿಲ್ಲ. ಆಸ್ಟ್ರೇಲಿಯಾದ ಬೌರಾಲ್ ಎಂಬ ಊರಿನಲ್ಲಿ ಬಾಲಕ ಡಾನ್ ಬ್ರಾಡ್‌ಮನ್ ನೀರಿನ ತೊಟ್ಟಿಯ ಇಟ್ಟಿಗೆ ಬುಡಕ್ಕೆ ಗಾಲ್ಫ್ ಚೆಂಡು ಎಸೆದು, ಅದು ಚಿಮ್ಮಿ ಬಂದಾಗ ಸ್ಟಂಪಿನಿಂದ ಹೊಡೆಯುತ್ತಿದ್ದರು. ಎಲ್ಲಿಗೆ ಚಿಮ್ಮುತ್ತದೋ ಗೊತ್ತಿಲ್ಲದ ಪುಟ್ಟ ಚೆಂಡು, ಹೆಬ್ಬೆರಳು ದಪ್ಪದ ಕೋಲು. ಅಂದಾಜು ಕಟ್ಟುವ ಮಿದುಳನ್ನೂ ದಾರಿ ಹಿಡಿಯುವ ಕೈಯನ್ನೂ ಒಟ್ಟಿಗೇ ಪಳಗಿಸುವ ವಿಧಾನ ಇದಕ್ಕಿಂತ ಅಗ್ಗದ್ದು ಇನ್ನೊಂದಿಲ್ಲ.

ನಮ್ಮ ಹುಡುಗನಿಗೆ ನಾನು ಮಾಡಿದ್ದು ಇನ್ನೂ ಸಣ್ಣ ಕೆಲಸ. ಬೌಲರ್ ಕಡೆಯಿಂದ ಇಟ್ಟಿಗೆಗಳವರೆಗೆ ನೆಲದ ಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದೆ. "ಜೋರಾಗಿ ಹೊಡೀಬೇಡ. ಬ್ಯಾಟು ಈ ಗೆರೆ ಮೇಲೇ ಬರಲಿ, ಗೆರೆ ಮೇಲೇ ಹೋಗಲಿ. ಮೂಗು ಬಾಲ್ ಕಡೆ" ಎಂದೆ. ಮೊದಲ ಮೂರು ಎಸೆತಗಳಲ್ಲಿ ಅವನು ಗೆರೆಯನ್ನೇ ನೋಡುತ್ತ ಚೆಂಡು ಬಿಟ್ಟ. ನಾಲ್ಕನೆಯದು ತಾಗಿತು, ಮೆತ್ತಗೆ. ಐದನೆಯದು ಬೌಲರನ ಕಾಲ ಪಕ್ಕದಲ್ಲಿ ನುಸುಳಿತು.

"ಅಂಕಲ್, ಇದಕ್ಕೆ ಕೈ ಝುಮ್ ಅನ್ಲೇ ಇಲ್ಲ" ಎಂದ. ಆಮೇಲೆ ಬ್ಯಾಟು ತಿರುಗಿಸಿ, ಚೆಂಡಿನ ಕೆಮ್ಮಣ್ಣಿನ ಗುರುತು ಹಲಗೆಯ ಮೇಲೆ ಎಲ್ಲಿ ಮೂಡಿದೆ ಎಂದು ಬೆರಳಿಟ್ಟು ಅಳೆಯತೊಡಗಿದ.